ಬೀಗವಿದ್ದ ಮಾತ್ರೆ ಡಬ್ಬಿ

ಹೋದ ವಾರ ಕ್ಯಾಲನೂರಿನಿಂದ ನಮ್ಮ ಸೋದರತ್ತೆಯ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ನಿಮ್ಮನೇಲಿ ಒಂದು ಮಾತ್ರೆ ಡಬ್ಬಿ ಇತ್ತಲ್ಲ, ಟೈಮಿಗೆ ಸರಿಯಾಗಿ ಕೂಗ್ಕೊಳ್ತಿತ್ತಲ್ಲ, ಅದು ಇನ್ನೂ ಇದೆಯಾ? ನಮ್ಮತ್ತೆ ಬಿಪಿ ಮಾತ್ರೆ ತಗೊಂಡಿದ್ದು ಮರೆತು ಮತ್ತೆ ಮತ್ತೆ ತಗೊಳ್ತಾರೆ" ಎಂದಳು. "ಇದೆ ಕಣೇ, ಹುಡುಕಿ ಕೊಡ್ತೀನಿ" ಎಂದೆ. ಹುಡುಕುವುದೇನು ಬಂತು! ದೇವರ ಮನೆಯ ಪಕ್ಕದ ಅಲಮಾರಿಯಲ್ಲಿ ಹಳೆಯ ಟವೆಲ್ಲಿನಲ್ಲಿ ಸುತ್ತಿ ಇಟ್ಟವಳು ನಾನೇ. ತೆಗೆದು ನೋಡಿದರೆ ಒಳಗಿನ ಸೆಲ್ಲುಗಳು ಸೋರಿ ಹಸಿರು ಕಟ್ಟಿದ್ದವು. ಉಜ್ಜಿ ಒರೆಸಿ, ಹೊಸ ಸೆಲ್ ಹಾಕಿ, ನಿನ್ನೆ ಬಸ್ಸಿನಲ್ಲಿ ಹೋಗುವವರ ಕೈಯಲ್ಲಿ ಕಳಿಸಿಯೂ ಆಯಿತು. ಡಬ್ಬಿ ಹೋಯಿತು, ಅದರ ನೆನಪು ಹೋಗಲಿಲ್ಲ. ಯಾರ ಹತ್ತಿರವಾದರೂ ಹೇಳಿಬಿಡೋಣ ಎನಿಸಿತು. ನೀವು ಸಿಕ್ಕಿದ್ದೀರಿ.

ಆ ಡಬ್ಬಿಯನ್ನು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು, ಗುಂಡಗೆ, ಬಿಳಿಯ ಪ್ಲಾಸ್ಟಿಕ್ಕಿನದು. ಒಳಗೆ ಸುತ್ತಲೂ ಪುಟ್ಟ ಪುಟ್ಟ ಮನೆಗಳು. ಗುಬ್ಬಚ್ಚಿಗಳ ಅಡುಗೆಮನೆಗೆಂದು ಮಾಡಿದ ಸಾಸಿವೆ ಡಬ್ಬಿಯ ಹಾಗೆ. ಗಂಟೆ ಹೊಂದಿಸಿಟ್ಟರೆ ಆ ಹೊತ್ತಿಗೆ ಕೀಂಯ್ ಕೀಂಯ್ ಎಂದು ಕೂಗಿ, ಒಳಗಿನ ಚಕ್ರ ಒಂದು ಮನೆ ಮುಂದಕ್ಕೆ ತಿರುಗುತ್ತದೆ. ಎತ್ತಿ ಬೋರಲು ಹಾಕಿದರೆ ಆ ಹೊತ್ತಿನ ಮಾತ್ರೆ ಮಾತ್ರ ಅಂಗೈಗೆ ಬೀಳುತ್ತದೆ. ಮಿಕ್ಕವು ಒಳಗೇ ಭದ್ರ. ಮುಚ್ಚಳಕ್ಕೊಂದು ಬೀಗ. ಆ ಬೀಗದ ಕೈಯನ್ನು ನಾನು ಮಾಂಗಲ್ಯದ ಸರಕ್ಕೆ, ಪಿನ್ನುಗಳ ಜೊತೆಯಲ್ಲಿ ಸಿಕ್ಕಿಸಿಕೊಂಡಿದ್ದೆ.

ತಂದ ಹೊಸದರಲ್ಲಿ ಅದು ನನ್ನನ್ನು ಕುಣಿಸಿದ್ದು ಅಷ್ಟಿಷ್ಟಲ್ಲ. ಬೆಳಗಿನ ಹೊತ್ತು ಯಾವುದು, ಸಂಜೆಯ ಹೊತ್ತು ಯಾವುದು ಎಂದು ಅದಕ್ಕೆ ತಿಳಿಸುವುದರಲ್ಲಿ ನನಗೇ ಗೊಂದಲವಾಗಿ, ಕೂಗಬಾರದ ಹೊತ್ತಿನಲ್ಲೆಲ್ಲ ಕೂಗಿತು. ಒಂದು ದಿನ ಮುದ್ದೆ ತಿರುಗಿಸುತ್ತಿದ್ದವಳು ಕೋಲು ಹಿಡಿದುಕೊಂಡೇ ಓಡಿಬಂದು "ಬಂದೆ ಬಂದೆ, ಬಾಯ್ಮುಚ್ಕೊ ಸಾಕು" ಎಂದು ಗದರಿದೆ. ಬಾಗಿಲಲ್ಲಿ ನಿಂತಿದ್ದ ಹಾಲಿನವನು ತನಗೇ ಎಂದುಕೊಂಡು ಆಮೇಲೆ ನಾಲ್ಕು ದಿನ ಮುಖ ಕೊಟ್ಟು ಮಾತಾಡಲಿಲ್ಲ. ನಾನು ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಬಾಯಿ ಬಿಗಿಹಿಡಿದ ಮಕ್ಕಳಿಗೆ ಟಾನಿಕ್ ಕುಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವಿತ್ತು. ಆ ಜಂಬವನ್ನೆಲ್ಲ ಡಬ್ಬಿ ಇಳಿಸಿತು.

ನಾವು ಚಿಕ್ಕವರಿದ್ದಾಗ ಇಷ್ಟೊಂದು ಮಾತ್ರೆ ಯಾರು ಕಂಡಿದ್ದರು? ಮುಳಬಾಗಿಲಿನಲ್ಲಿ ನಮ್ಮಪ್ಪ ಅಕ್ಕಸಾಲಿ. ಜ್ವರ ಬಂದರೆ ಖಾಲಿ ಸೀಸೆ ತೊಳೆದುಕೊಂಡು ದವಾಖಾನೆಗೆ ಹೋಗಬೇಕು. ಕಾಂಪೌಂಡರು ಗುಲಾಬಿ ಬಣ್ಣದ ಮಿಕ್ಸ್ಚರು ತುಂಬಿ, ಕಾಗದದ ಪಟ್ಟಿಯಲ್ಲಿ ಕತ್ತರಿಯಿಂದ ಕಚ್ಚು ಮಾಡಿ ಸೀಸೆಯ ಪಕ್ಕಕ್ಕೆ ಅಂಟಿಸುತ್ತಿದ್ದರು. ಒಂದು ಕಚ್ಚು ಒಂದು ಹೊತ್ತಿಗೆ. ಅಮ್ಮ ಧಾರಾಳದ ಕೈಯವಳು, ಬೇಗ ವಾಸಿಯಾಗಲಿ ಎಂದು ಕಚ್ಚು ದಾಟಿಸಿ ಬಗ್ಗಿಸುತ್ತಿದ್ದಳು. ಗುಲಗಂಜಿ ಇಟ್ಟು ಚಿನ್ನ ತೂಗುವ ಅಪ್ಪನಿಗೆ ಅದು ಸಹಿಸುತ್ತಿರಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಗೆರೆ ದಾಟ್ತು ಕಣೇ, ವಾಪಸ್ ಸುರಿ" ಎನ್ನುತ್ತಿದ್ದ. "ಹೋಗ್ಲಿ ಬಿಡ್ರೀ, ಔಷಧಿ ತಾನೇ, ವಿಷ ಅಲ್ವಲ್ಲ" ಎಂದು ಅಮ್ಮ. ನಾನು ಅಮ್ಮನ ಪಕ್ಷ. ಜಾಸ್ತಿ ಕುಡಿದರೆ ಜಾಸ್ತಿ ಒಳ್ಳೆಯದು ಎಂದು ಬಹಳ ಕಾಲ ನಂಬಿದ್ದೆ.

ಮದುವೆಯಾಗಿ ಬಂದದ್ದು ಈ ಶಿವಾರಪಟ್ಟಣಕ್ಕೆ. ಇಲ್ಲಿ ಬೆಳಗಾದರೆ ಕಲ್ಲಿನ ಸದ್ದು. ಇವರು, ಎಂದರೆ ನಮ್ಮ ಯಜಮಾನರು, ವಿಗ್ರಹ ಕಡೆಯುವವರು. ಇವರ ತಮ್ಮ ಮೌನೇಶನೂ ಅದೇ ಕೆಲಸ. ಮನೆಯ ಪಕ್ಕದಲ್ಲೇ ತಗಡಿನ ಶೆಡ್ಡು. ಮೈ, ಕೈ, ಪೀಠ, ಪ್ರಭಾವಳಿ ಮೌನೇಶನದು, ಮುಖ ಇವರದು. ಅಣ್ಣ ಮುಖಕ್ಕೆ ಕೂತ ಮೇಲೆ ತಮ್ಮ ಆ ಕಲ್ಲನ್ನು ಮುಟ್ಟುತ್ತಿರಲಿಲ್ಲ. ಅಡುಗೆಮನೆಯಲ್ಲಿದ್ದುಕೊಂಡೇ ಉಳಿಯ ಸದ್ದಿನಿಂದ ಯಾರು ಕೂತಿದ್ದಾರೆ, ಕೆಲಸ ಎಲ್ಲಿಗೆ ಬಂದಿದೆ ಎಂದು ನಾನು ಹೇಳಬಲ್ಲೆ. ಇವರ ಏಟು ಸಣ್ಣದು, ಸಮನಾದದ್ದು, ಮಳೆ ನಿಂತ ಮೇಲೆ ಸೂರಿನಿಂದ ಹನಿ ಬೀಳುವ ಹಾಗೆ.

ಕಾಯಿಲೆ ನನಗೆ ಮೊದಲು ತಿಳಿದದ್ದು ಕಿವಿಯಿಂದ. ಒಂದು ದಿನ ಅವರೆಕಾಯಿ ಸುಲಿಯುತ್ತ ಕೂತಿದ್ದೆ, ಇವರ ಏಟು ಎಡವಿತು. ಮತ್ತೆ ಶುರುವಾಯಿತು, ಮತ್ತೆ ಎಡವಿತು. ಮೌನೇಶ ಕೂತಿರಬೇಕು ಎಂದು ಹೋಗಿ ನೋಡಿದರೆ ಇವರೇ. ಉಳಿ ಕೆಳಗಿಟ್ಟು, ಬಲಗೈಯ ಹೆಬ್ಬೆರಳು ತೋರುಬೆರಳಿಗೆ ತಾನಾಗಿಯೇ ಉಜ್ಜಿಕೊಳ್ಳುವುದನ್ನು, ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದರು.

ಕೋಲಾರದ ಡಾಕ್ಟರು ನಡೆಸಿ ನೋಡಿದರು, ಬೆರಳು ಆಡಿಸಿ ನೋಡಿದರು, ಪಾರ್ಕಿನ್ಸನ್ ಎಂದರು. ವಾಸಿಯಾಗುವುದಿಲ್ಲ, ಮಾತ್ರೆಯಿಂದ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಎಂದರು. ಆ ಮಾತ್ರೆ ವಿಚಿತ್ರದ್ದು. ನುಂಗಿದ ಮೇಲೆ ಸ್ವಲ್ಪ ಹೊತ್ತಿಗೆ ಕೈ ಶಾಂತವಾಗಿ, ಕಾಲು ಸಡಿಲವಾಗಿ, ಹಳೆಯ ಮನುಷ್ಯ ಎದ್ದು ಬರುತ್ತಿದ್ದರು. ಉಳಿ ಹಿಡಿಯುತ್ತಿದ್ದರು, ತಮಾಷೆ ಮಾಡುತ್ತಿದ್ದರು. ಆಮೇಲೆ ಅದು ಇಳಿಯುತ್ತಿತ್ತು. ಇಳಿದರೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದು. ಹೊಸ್ತಿಲ ಹತ್ತಿರ ಬಂದು, ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುವರು. ಮುಂದಿನ ಮಾತ್ರೆಗೆ ಇನ್ನೂ ಹೊತ್ತಿರುತ್ತಿತ್ತು. ಕಾಯಲಾರದೆ ಮೊದಲೇ ನುಂಗಲು ಶುರುಮಾಡಿದರು. ತಿಂಗಳಿಗೆ ತಂದದ್ದು ತಿಂಗಳಿಗೆ ಬರದೆ ಹೋದಾಗ ಡಾಕ್ಟರು ಗಂಭೀರರಾದರು.

"ಜಾಸ್ತಿ ಆದ್ರೆ ಕೈ ಕುಣಿಯೋಕೆ ಶುರು ಆಗುತ್ತಮ್ಮ. ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತೆ. ಅವರಿಗೆ ಮಾತ್ರ ತಾನು ಚೆನ್ನಾಗಿದ್ದೀನಿ ಅಂತಲೇ ಅನಿಸ್ತಿರುತ್ತೆ. ಕಷ್ಟ ಇರೋದೇ ಅಲ್ಲಿ" ಎಂದರು.

ಮಾಲೂರಿನಲ್ಲಿ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುವ ನಮ್ಮ ಮಗಳು ಲತಾ ಆಗ ಈ ಡಬ್ಬಿ ತರಿಸಿ ತಂದಳು. ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೀಗದ ಮೇಲೆ ಉಗುರು ಆಡಿಸಿ, "ಇದೇನಮ್ಮಾ, ನಿಮ್ಮಪ್ಪನಿಗೆ ಕದಿಯೋ ಚಾಳಿ ಇದೆ ಅಂತ ಮಾಡಿಸ್ಕೊಂಡ್ ಬಂದ್ಯಾ?" ಎಂದರು.

"ಹಂಗಲ್ಲಪ್ಪ, ಮರೆತುಹೋಗಬಾರ್ದು ಅಂತ" ಎಂದಳು ಲತಾ.

"ನಾನೇನೂ ಮರೀತಿಲ್ಲ. ನೆನಪಿಟ್ಕೊಂಡೇ ತಗೊಳ್ತಿದ್ದೀನಿ" ಎಂದು ಇವರು ನಕ್ಕರು. ನಾವೂ ನಕ್ಕೆವು. ಅದೇ ನಮ್ಮ ಮನೆಯಲ್ಲಿ ಆ ಡಬ್ಬಿಯ ವಿಷಯವಾಗಿ ಎಲ್ಲರೂ ಕೂಡಿ ನಕ್ಕ ಕೊನೆಯ ಸಲ.

ಆ ಸಮಯದಲ್ಲೇ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯವರು ಅಮ್ಮನವರ ವಿಗ್ರಹಕ್ಕೆ ಹೇಳಿ ಹೋಗಿದ್ದರು. ಕರೀಕಲ್ಲು, ಆಳೆತ್ತರ. ಮೌನೇಶ ಮೈ ಕೆಲಸ ಮುಗಿಸಿ, ಕಲ್ಲಿನ ಧೂಳು ಒರೆಸಿ, "ಅಣ್ಣಾ, ಇನ್ನು ನೀನು ಕೂತ್ಕೋ" ಎಂದ. ಇದು ತಾವು ಮಾಡುವ ಕೊನೆಯ ಮುಖ ಎಂದು ಇವರಿಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೆ. ಡಬ್ಬಿ ಕೂಗುವ ಮೊದಲೇ ಅದರ ಮುಂದೆ ಬಂದು ಕೂತಿರುವರು. ಮಾತ್ರೆ ನುಂಗಿ, ಕೈ ತಿಳಿಯಾಗುವುದನ್ನು ಕಾದು, ಶೆಡ್ಡಿಗೆ ಹೋಗುವರು. ಕೈ ಮತ್ತೆ ಬಿಗಿಯುತ್ತಲೇ ಉಳಿ ಕೆಳಗೆ. ದಿನಕ್ಕೆ ಸಿಗುತ್ತಿದ್ದದ್ದು ಬಿಡಿ ಬಿಡಿ ಗಂಟೆಗಳು. ಹುಬ್ಬಾಯಿತು, ಮೂಗಾಯಿತು.

"ಸರೋಜಾ, ಆ ಕೀ ಕೊಡೇ" ಎಂದರು ಒಂದು ಮಧ್ಯಾಹ್ನ.

"ಇನ್ನೂ ಟೈಮ್ ಆಗಿಲ್ಲ ರೀ."

"ತುಟಿ ಹತ್ರ ಬಂದು ನಿಂತಿದೆ. ಇನ್ನೊಂದು ಮಾತ್ರೆ ಸಿಕ್ಕಿದ್ರೆ ಸಂಜೆಯೊಳಗೆ ಒಂದು ರೂಪಕ್ಕೆ ತರ್ತೀನಿ."

"ನಾಳೆ ತನ್ನಿ. ಅಮ್ಮ ಏನು ಎದ್ದು ಹೋಗ್ತಾಳಾ?"

"ನಾಳೆ ಈ ಕೈ ಹೆಂಗಿರುತ್ತೋ, ಅದು ನಿನ್ ಡಬ್ಬಿಗೇನು ಗೊತ್ತು?"

ನಾನು ಕೊಡಲಿಲ್ಲ. ಇವರು ನನ್ನ ಕತ್ತಿನಲ್ಲಿ ನೇತಾಡುತ್ತಿದ್ದ ಬೀಗದ ಕೈಯನ್ನೇ ನೋಡುತ್ತ ಕೂತರು. ಮದುವೆಯಾದಂದಿನಿಂದ ಇವರು ನನ್ನ ಕತ್ತನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಸರವನ್ನು ಸೆರಗಿನೊಳಗೆ ಸೇರಿಸಿಕೊಂಡು ಒಳಗೆ ಹೋದೆ. ಕಾವಲಿನವಳ ನಡಿಗೆ ಆಗಲೇ ನನಗೆ ಬಂದುಬಿಟ್ಟಿತ್ತು.

ಅದಾದ ಮೇಲೆ ಇವರು ಕೀ ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಕೆಲಸ ಚುರುಕಾಯಿತು. ಮಾತ್ರೆ ಇಳಿಯುವ ಹೊತ್ತು ಬಂದರೂ ಶೆಡ್ಡಿನಿಂದ ಸದ್ದು ಬರುತ್ತಲೇ ಇತ್ತು. ಡಬ್ಬಿ ಸರಿಯಾಗಿ ಕೂಗುತ್ತಿದೆ, ಬೀಗ ಭದ್ರವಾಗಿದೆ, ಮಾತ್ರೆ ಹೊತ್ತುಹೊತ್ತಿಗೆ ಹೊಟ್ಟೆಗೆ ಹೋಗಿ ಕೆಲಸ ಮಾಡುತ್ತಿದೆ ಎಂದು ನಾನು ಹಿಗ್ಗಿದೆ. ಲತಾಗೆ ಫೋನ್ ಮಾಡಿ, "ನಿನ್ ಡಬ್ಬಿ ನಮ್ಮನೆಗೆ ಬೆಳಕು ತಂತು ಕಣೇ" ಎಂದೂ ಹೇಳಿದೆ.

ಆದರೆ ಇವರ ಭುಜ ಕೂತಲ್ಲೇ ತೂಗುತ್ತಿತ್ತು. ತಲೆ ಒಂದು ಕಡೆಗೆ ಎಳೆಯುತ್ತಿತ್ತು. ಊಟಕ್ಕೆ ಕೂತರೆ ಕೈ ತಟ್ಟೆ ದಾಟಿ ಹೋಗುತ್ತಿತ್ತು. "ಯಾಕ್ರೀ ಹಿಂಗೆ ಕುಣೀತಿದ್ದೀರಾ?" ಎಂದರೆ, "ಯಾರು ಕುಣೀತಿದ್ದಾರೆ?" ಎಂದು ನಿಜವಾಗಿಯೂ ತಿಳಿಯದವರ ಹಾಗೆ ಕೇಳುತ್ತಿದ್ದರು. ಒಂದು ದಿನ ಮಜ್ಜಿಗೆ ಕೊಡಲು ಹೋದಾಗ, "ಆ ಮಗೂನ ಪೀಠದ ಮೇಲಿಂದ ಇಳಿಸ್ಕೊಂಡು ಹೋಗೇ. ಕಲ್ಲಿನ ಚೂರು ಕಣ್ಣಿಗೆ ಸಿಡಿದೀತು" ಎಂದರು. ಪೀಠದ ಮೇಲೆ ಯಾರೂ ಇರಲಿಲ್ಲ. ಮೌನೇಶ ನನ್ನ ಮುಖ ನೋಡಲಿಲ್ಲ. ತಲೆ ತಗ್ಗಿಸಿ ಉಜ್ಜುಕಲ್ಲು ಹುಡುಕುತ್ತಿದ್ದ.

ಕೋಲಾರಕ್ಕೆ ಕರೆದುಕೊಂಡು ಹೋಗಬೇಕು ಎಂದು ಲತಾಗೆ ಹೇಳಿದೆ. ಶನಿವಾರ ಬರುತ್ತೇನೆ ಎಂದಳು. ಅದರ ಹಿಂದಿನ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ಟಣ್ ಎಂದು ಒಂದು ಸದ್ದು ಬಂತು. ಕಲ್ಲು ಕಡೆಯುವವರ ಮನೆಯಲ್ಲಿ ಆ ಸದ್ದಿಗೆ ಅರ್ಥ ಹೇಳಬೇಕಾಗಿಲ್ಲ. ಒಲೆ ಆರಿಸದೆ ಓಡಿದೆ. ಅಮ್ಮನವರ ಕೆಳತುಟಿಯ ಒಂದು ಕೊನೆ ಹಾರಿಹೋಗಿ, ಒಳಗಿನ ಬಿಳಿಚಿದ ಕಲ್ಲು ಕಾಣುತ್ತಿತ್ತು. ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ. ಅಷ್ಟು ತಿಂಗಳ ಕೆಲಸ ಅಲ್ಲಿಗೆ ಮುಗಿದಿತ್ತು.

ಇವರು ಎದ್ದು ನಿಂತು ತೂಗುತ್ತಿದ್ದರು. "ಯಾರೋ ಮಾಡಿದ್ದು? ಯಾರೋ ಇದು?" ಎಂದು ಕೂಗಿದರು. ಶೆಡ್ಡಿನಲ್ಲಿ ಇದ್ದದ್ದು ಇಬ್ಬರೇ.

ಮೌನೇಶ ಅಣ್ಣನ ಕುಣಿಯುವ ಕೈಯನ್ನು ಒಮ್ಮೆ ನೋಡಿದ. ಆಮೇಲೆ ಹೇಳಿದ: "ನಾನೇ ಅಣ್ಣಾ. ಕಿವಿ ಹತ್ರ ಸ್ವಲ್ಪ ತಿದ್ದೋಣ ಅಂತ ಹೋದೆ. ಉಳಿ ಜಾರ್ತು."

"ಮುಖ ಮುಟ್ಬೇಡ ಅಂದಿರ್ಲಿಲ್ವೇನೋ ನಿನಗೆ? ನಾನು ಸಾಯೋವರೆಗೂ ತಡ್ಕೊಳ್ಳೋಕೆ ಆಗ್ಲಿಲ್ವೇನೋ? ನಡಿ ಆಚೆಗೆ. ಈ ಶೆಡ್ಡಿಗೆ ಕಾಲಿಡ್ಬೇಡ."

ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಬಸ್ ಸ್ಟಾಪಿನವರೆಗೆ ಅವನ ಹಿಂದೆಯೇ ಓಡಿದೆ. ಅಲ್ಲಿ ಅವನು ನಿಂತು, "ಅತ್ತಿಗೆ, ಉಳಿ ಇಡೋ ಗೋಣಿಚೀಲದ ಕೆಳಗೆ ನೋಡಿ. ಅಣ್ಣ ಡಾಕ್ಟರ ಹಳೇ ಚೀಟಿ ಕೊಟ್ಟು ನನ್ ಕೈಲಿ ಮಾತ್ರೆ ತರಿಸ್ಕೊಳ್ತಿದ್ದ. ಅಣ್ಣ ಕೈ ಮುಗಿದು ಕೇಳಿದ್ರೆ ಏನಂತ ಹೇಳ್ಲಿ ಅತ್ತಿಗೆ? ಹುಟ್ಟಿದಾಗಿನಿಂದ ಆಯಪ್ಪ ನನಗೆ ಕೈ ಮುಗಿದಿದ್ದಿಲ್ಲ" ಎಂದ. ಮಾಲೂರಿನ ಬಸ್ಸು ಬಂತು. ಹತ್ತಿ ಹೋದ.

ಗೋಣಿಚೀಲ ಎತ್ತಿದೆ. ಮಾತ್ರೆಯ ಹಾಳೆಗಳು, ಖಾಲಿಯಾದವೂ ತುಂಬಿದವೂ, ಕಲ್ಲಿನ ಧೂಳು ಮೆತ್ತಿಕೊಂಡು ಬಿದ್ದಿದ್ದವು. ಮನೆಯಲ್ಲಿ ಬೀಗ ಹಾಕಿದ ಡಬ್ಬಿಗೆ ನಾನು ಕಾವಲು, ಶೆಡ್ಡಿನಲ್ಲಿ ಅಂಗಡಿಯೇ ತೆರೆದಿತ್ತು. ಅದೇ ಹೊತ್ತಿಗೆ ಒಳಗಿನಿಂದ ಡಬ್ಬಿ ಕೀಂಯ್ ಎಂದು ಕೂಗಿತು. ಆ ದಿನ ನನಗೆ ಅದರ ಮೇಲೆ ಬಂದಷ್ಟು ಸಿಟ್ಟು ಯಾವ ಮನುಷ್ಯರ ಮೇಲೂ ಬಂದಿಲ್ಲ.

ಡಾಕ್ಟರು ಒಮ್ಮೆಗೇ ನಿಲ್ಲಿಸಬಾರದು, ಮೆಲ್ಲಗೆ ಇಳಿಸಬೇಕು ಎಂದರು. ಹಾಗೆ ಇಳಿಸಿದ ದಿನಗಳನ್ನು ಹೆಚ್ಚು ಹೇಳಲಾರೆ. ಮೈ ಮರದ ಹಲಗೆಯಾಗಿ ಮಲಗಿರುವರು. ಮಗ್ಗುಲಾಗಬೇಕಾದರೆ ನಾನೂ ರಜೆ ಹಾಕಿ ಬಂದಿದ್ದ ಲತಾನೂ ಸೇರಿ ಹೊರಳಿಸಬೇಕು. ಬೆಳಗಿನಿಂದ "ಒಂದೇ ಒಂದು ಕೊಡೇ" ಎಂದು ಬೇಡುವರು, ಕೊಡದಿದ್ದರೆ ಬೈಯುವರು. ನಮ್ಮಪ್ಪ ಅಮ್ಮನನ್ನೆಲ್ಲ ಎತ್ತಿ ಬೈದರು. ಪೀಠದ ಮೇಲಿನ ಆ ಮಗು ಕೆಲವು ದಿನ ಮಂಚದ ಮೇಲೂ ಬಂದು ಕೂತಿತ್ತಂತೆ. ಆಮೇಲೆ ಬರುವುದು ನಿಂತಿತು. ನಡುವೆ ಡಬ್ಬಿ ಕೂಗಿದಾಗ ನಾನು ಬೋರಲು ಹಾಕಿ ಬಿದ್ದದ್ದನ್ನು ಬಾಯಿಗೆ ಹಾಕುತ್ತಿದ್ದೆ. ಬಾಯಿ ಹಕ್ಕಿಮರಿಯ ಹಾಗೆ ತೆರೆದು ಕಾದಿರುತ್ತಿತ್ತು. ಅಂಗನವಾಡಿಯಲ್ಲಿ ಯಾವ ಮಗುವೂ ಔಷಧಿಗೆ ಹಾಗೆ ಬಾಯಿ ತೆರೆದದ್ದಿಲ್ಲ.

ಮಾತ್ರೆ ಒಂದು ಹದಕ್ಕೆ ಬಂದ ಮೇಲೆ ಒಂದು ಬೆಳಿಗ್ಗೆ ಶೆಡ್ಡಿಗೆ ಕರೆದುಕೊಂಡು ಹೋಗು ಎಂದರು. ಗೋಡೆ ಹಿಡಿದು ನಡೆಸಿಕೊಂಡು ಹೋದೆ. ಭಿನ್ನವಾದ ಅಮ್ಮನವರ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿ, ಹೆಬ್ಬೆರಳನ್ನು ಒಡೆದ ತುಟಿಯ ಮೇಲೆ ಮೆಲ್ಲಗೆ ಆಡಿಸಿದರು. ಈ ಕೊನೆಯಿಂದ ಆ ಕೊನೆಗೆ. ಮತ್ತೆ ಒಂದು ಸಲ. ಆಮೇಲೆ ಅಲ್ಲೇ ಮಣೆಯ ಮೇಲೆ ಕುಸಿದು ಕೂತರು.

"ಇದು ನನ್ ಏಟು" ಎಂದರು.

ನಾನು ಬಟ್ಟೆಯನ್ನು ಮತ್ತೆ ಹೊದಿಸಲು ಹೋದೆ.

"ತುಟಿ ಅಂಚಿಗೆ ಉಳಿ ಇಷ್ಟು ಓರೆಯಾಗಿ ಹಿಡಿಯೋದು ನಾನು. ಅವನಿಗೆ ಬರಲ್ಲ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ನೀವು ತಡ್ಕೊಳ್ಳೋ ಸ್ಥಿತಿಲಿರ್ಲಿಲ್ಲ."

"ಎಲ್ರೂ ಸೇರಿ ನನ್ನನ್ನ ಹುಚ್ಚನ್ನ ನೋಡ್ಕೊಂಡಂಗೆ ನೋಡ್ಕೊಂಡ್ರಿ" ಎಂದರು. ಕಾಯಿಲೆಯಿಂದ ಧ್ವನಿ ಆಗಲೇ ಇಳಿಯುತ್ತಿತ್ತು. ಬೈಗುಳವೂ ಪಿಸುಮಾತಿನ ಹಾಗೆ ಕೇಳಿತು. "ಅವನನ್ನ ಕರೆಸು."

ಮೌನೇಶ ಕೋಲಾರದ ಹತ್ತಿರ ಗ್ರಾನೈಟು ಕೊಯ್ಯುವ ಕಡೆ ಕೆಲಸಕ್ಕೆ ಸೇರಿದ್ದ. ಮಿಷನ್ನಿನ ಕೆಲಸ, ಮನೆಗಳ ನೆಲಕ್ಕೆ ಹಾಕುವ ಚಪ್ಪಡಿ. ಮೊದಲ ಸಲ ಫೋನ್ ಮಾಡಿದಾಗ "ಬರ್ತೀನಿ ಅತ್ತಿಗೆ" ಎಂದವನು ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಕೊನೆಗೆ ಲತಾ ಹೋಗಿ ಕರೆದುಕೊಂಡು ಬಂದಳು. ಬಾಗಿಲಲ್ಲೇ ನಿಂತ. ಇವರು ಮಂಚದ ಮೇಲೆ ಒರಗಿದ್ದರು.

"ಯಾಕೋ ಸುಳ್ಳು ಹೇಳ್ದೆ?"

"ಮಾತ್ರೆ ತಂದ್ಕೊಟ್ಟೋನು ನಾನು ತಾನೇ. ಏಟು ಯಾರ ಕೈಯಿಂದ ಬಿದ್ರೇನಣ್ಣಾ?"

"ನಾನು ನಿನ್ನ ಓಡಿಸ್ಬಿಟ್ನಲ್ಲೋ."

"ಓಡಿಸಿದ್ರೆ ಏನಾಯ್ತು? ಕರೆಸ್ಕೊಂಡ್ಯಲ್ಲ."

ಇವರು ಕೈ ಚಾಚಲು ನೋಡಿದರು. ಅದು ಮಾತ್ರೆ ಇಳಿದ ಹೊತ್ತು, ಕೈ ಹಾಸಿಗೆಯಿಂದ ಮೇಲೇಳಲಿಲ್ಲ. ಮೌನೇಶನೇ ಬಂದು ಆ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡು ಅತ್ತ.

ಕಲ್ಲಿನಲ್ಲಿ ದೋಷ ಕಂಡಿತು ಎಂದು ಹಳ್ಳಿಯವರಿಗೆ ಹೇಳಿ, ಹೊಸ ಕಲ್ಲು ತರಿಸಿದ್ದಾಯಿತು. ಮೈ ಮುಗಿದು ಮುಖಕ್ಕೆ ಬಂದಾಗ ಮೌನೇಶ ಉಳಿ ಕೆಳಗಿಟ್ಟು ಕೂತುಬಿಟ್ಟ. "ನನ್ ಕೈಲಾಗಲ್ಲ ಅಣ್ಣಾ" ಎಂದ. ಇವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನ ಎದುರಿಗೆ ಕೂತು, ಮಾತ್ರೆ ಹಿಡಿದಿದ್ದ ಹೊತ್ತೆಲ್ಲ ಹೇಳಿಕೊಟ್ಟರು. ಹೇಳಿದ್ದು ಕೇಳಿಸದಿದ್ದರೆ ಮೌನೇಶ ಕಿವಿಯನ್ನು ಅಣ್ಣನ ಬಾಯಿಯ ಹತ್ತಿರ ತರುತ್ತಿದ್ದ. ತುಟಿಯ ದಿನ ಇವರು ಏನೂ ಹೇಳಲಿಲ್ಲ. ಕಣ್ಣು ಮುಚ್ಚಿ ಏಟಿನ ಸದ್ದು ಕೇಳುತ್ತ ಕೂತಿದ್ದರು. ಮುಗಿದ ಮೇಲೆ ಕಣ್ಣು ತೆರೆದು ನೋಡಿ, "ನಾನಾಗಿದ್ರೆ ಇಷ್ಟು ಮೆತ್ತಗೆ ಮಾಡ್ತಿರ್ಲಿಲ್ಲ" ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ಮೌನೇಶ ನನ್ನನ್ನು ಇವತ್ತಿಗೂ ಕೇಳುತ್ತಾನೆ.

ಅಮ್ಮನವರನ್ನು ಕರೆದುಕೊಂಡು ಹೋಗಲು ಹಳ್ಳಿಯವರು ಟ್ರಾಕ್ಟರಿನಲ್ಲಿ ಬಂದರು. ಟ್ರಾಲಿಗೆ ಹುಲ್ಲು ಹಾಸಿದ್ದರು, ತಮಟೆಯವರೂ ಇದ್ದರು. ಊರಿನ ಹಿರಿಯರೊಬ್ಬರು ಮುಖ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡು, ತೆಲುಗು ಕನ್ನಡ ಬೆರೆಸಿ, "ಅಮ್ಮ ಚೂಸ್ತುಂದಯ್ಯಾ, ನಮ್ಮನ್ನೇ ನೋಡ್ತಾವಳೆ!" ಎಂದರು. ನೇರ ಇವರ ಹತ್ತಿರ ಬಂದು ಕುರ್ಚಿಯ ಮುಂದೆ ಬಗ್ಗಿ, "ಆಚಾರ್ರೇ, ಕೈ ಅಂದ್ರೆ ನಿಮ್ದು" ಎಂದು ಆ ನಡುಗುವ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡರು.

ಇವರ ತುಟಿ ಅಲುಗಿತು. "ನಂದಲ್ಲ" ಎಂದರು. ಟ್ರಾಕ್ಟರು ಶುರುವಾಗಿತ್ತು, ತಮಟೆ ಬಡಿಯುತ್ತಿತ್ತು. "ಮೌನೇಶಂದು, ಮೌನೇಶಂದು" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಹಿರಿಯರು ಆಶೀರ್ವಾದವೆಂದುಕೊಂಡು ತಲೆ ಬಗ್ಗಿಸಿದರು. ಪಕ್ಕದಲ್ಲಿ ನಿಂತಿದ್ದ ನನಗೆ ಮಾತ್ರ ಕೇಳುತ್ತಿತ್ತು. ಮೌನೇಶ ಆಚೆ ಟ್ರಾಲಿಯ ಮೇಲೆ ಹಗ್ಗ ಬಿಗಿಯುತ್ತಿದ್ದ.

ಅಷ್ಟು ಜನ ಗಂಡಸರ ಮಧ್ಯೆ ನಾನು ಎಂದೂ ಧ್ವನಿ ಎತ್ತಿದವಳಲ್ಲ. "ತಮಟೆ ನಿಲ್ಲಿಸ್ರಪ್ಪಾ!" ಎಂದು ಕೂಗಿದೆ. ನಿಲ್ಲಿಸಿದರು. "ಆ ಮುಖ ಇವರ ತಮ್ಮ ಮಾಡಿದ್ದಂತೆ. ಇವರು ಹೇಳ್ತಾವ್ರೆ, ನಿಮಗೆ ಕೇಳಿಸ್ಲಿಲ್ಲ" ಎಂದೆ.

ಎಲ್ಲರೂ ಟ್ರಾಲಿಯ ಕಡೆಗೆ ತಿರುಗಿದರು. ಹಿರಿಯರು ಹೋಗಿ ಮೌನೇಶನಿಗೆ ಕೈ ಮುಗಿದರು. ಅವನು ಹಗ್ಗ ಹಿಡಿದುಕೊಂಡೇ ಏನು ಮಾಡುವುದೆಂದು ತೋಚದೆ ಅಣ್ಣನನ್ನು ನೋಡಿದ. ಇವರ ಮುಖದಲ್ಲಿ ಏನೂ ಕಾಣಲಿಲ್ಲ. ಆ ಕಾಯಿಲೆ ಮುಖದ ನಗುವನ್ನೂ ಅಳುವನ್ನೂ ಮೊದಲೇ ತೆಗೆದುಕೊಂಡು ಹೋಗಿತ್ತು. ಕೆನ್ನೆ ಮಾತ್ರ ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿದೆ.

ಟ್ರಾಕ್ಟರು ತಿರುವು ದಾಟಿ ತಮಟೆಯ ಸದ್ದು ಸಣ್ಣದಾದ ಮೇಲೆ, "ನಡಿ, ಒಳಗೆ ಹೋಗೋಣ" ಎಂದರು. ಅದಾದ ಮೇಲೆ ಮಳೆಗಾಲವೊಂದು ಕಳೆದು, ರಾಗಿ ಕೊಯ್ಲಿನ ಕಾಲದಲ್ಲಿ ಇವರು ಹೋದರು. ಅಲ್ಲಿಯವರೆಗೆ ಬದುಕಿದ್ದ ಯಾವ ದಿನವೂ ಶೆಡ್ಡಿಗೆ ಕರೆದುಕೊಂಡು ಹೋಗು ಎಂದು ಕೇಳಲಿಲ್ಲ. ನಾನೂ ಹೋಗೋಣವಾ ಎಂದು ಕೇಳಲಿಲ್ಲ. ಪಕ್ಕದಲ್ಲಿ ಮೌನೇಶನ ಉಳಿಯ ಸದ್ದು ಕೇಳುತ್ತಲೇ ಇರುತ್ತಿತ್ತು. ನಾನು ಎದ್ದು ಹೋಗಿ ಕಿಟಕಿ ಮುಚ್ಚಲು ನೋಡಿದಾಗಲೆಲ್ಲ ಇವರು ಕಣ್ಣಿನಲ್ಲೇ ಬೇಡ ಎನ್ನುತ್ತಿದ್ದರು.